ಕ್ಷೇತ್ರ ಮರುವಿಂಗಡಣೆ: ಲೋಕಸಭೆಯ ಲೆಕ್ಕದಾಚೆಗೆ, 2008ರ ಕರ್ನಾಟಕದ ನಕ್ಷೆ

ಕ್ಷೇತ್ರ ಮರುವಿಂಗಡಣೆಯ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ದಾರಿ ಹಿಡಿಯುತ್ತದೆ. ಲೋಕಸಭೆಯಲ್ಲಿ ಉತ್ತರದ ರಾಜ್ಯಗಳಿಗೆ ಎಷ್ಟು ಸ್ಥಾನ ಹೆಚ್ಚುತ್ತದೆ, ದಕ್ಷಿಣದ ಪಾಲು ಎಷ್ಟು ಕುಗ್ಗುತ್ತದೆ ಎಂಬಲ್ಲಿಗೆ ಅದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಆ ಆತಂಕ ಸಕಾರಣವೇ. ಆದರೆ ದೆಹಲಿಯ ಕಡೆಗೇ ಕಣ್ಣು ನೆಟ್ಟು ಕುಳಿತವರಿಗೆ ಮನೆಯೊಳಗಿನ ಪಾಲು ಕಾಣುತ್ತಿಲ್ಲ. ರಾಜ್ಯದ ಒಳಗೆ ವಿಧಾನಸಭಾ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆದಾಗ ಅಧಿಕಾರ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ, ಹಳ್ಳಿಯಿಂದ ನಗರಕ್ಕೆ, ಒಬ್ಬ ನಾಯಕನ ಕೈಯಿಂದ ಇನ್ನೊಬ್ಬನ ಕೈಗೆ ಸರಿಯುತ್ತದೆ. ಇದನ್ನು ಊಹಿಸಿ ಹೇಳಬೇಕಾಗಿಲ್ಲ. ಕರ್ನಾಟಕ ಇದನ್ನು ಒಮ್ಮೆ ಅನುಭವಿಸಿದೆ. 2008ರ ಫೆಬ್ರುವರಿ 19ರಂದು ಹೊಸ ನಕ್ಷೆ ಜಾರಿಗೆ ಬಂದ ಮೇಲೆ ದೇಶದಲ್ಲಿ ಅದರಂತೆ ಮೊದಲು ಚುನಾವಣೆ ಎದುರಿಸಿದ್ದು ನಮ್ಮ ರಾಜ್ಯವೇ.

ಆ ಚುನಾವಣೆಯನ್ನು ನಾವು ನೆನಪಿಟ್ಟುಕೊಂಡಿರುವುದು ಬೇರೆ ಕಾರಣಕ್ಕೆ. ದಕ್ಷಿಣ ಭಾರತದಲ್ಲಿ ಬಿಜೆಪಿ ಸ್ವಂತ ಬಲದ ಹತ್ತಿರ ಬಂದು ಸರ್ಕಾರ ರಚಿಸಿದ್ದು, ಯಡಿಯೂರಪ್ಪ ಮೇ 30ರಂದು ಪ್ರಮಾಣವಚನ ಸ್ವೀಕರಿಸಿದ್ದು, ಬಳ್ಳಾರಿಯ ಗಣಿ ಹಣ, ಪಕ್ಷೇತರರ ಬೆಂಬಲ, ಅನಂತರದ ‘ಆಪರೇಷನ್ ಕಮಲ’. ಈ ಗದ್ದಲದ ನಡುವೆ ಗೆರೆಗಳು ಏನು ಮಾಡಿದವು ಎಂಬುದನ್ನು ಕೂತು ಲೆಕ್ಕ ಹಾಕಿದವರು ಕಡಿಮೆ. ‘ಮರುವಿಂಗಡಣೆಯಿಂದಲೇ ಬಿಜೆಪಿ ಗೆದ್ದಿತು’ ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ಆ ಮಾತು ಅರ್ಧ ಸತ್ಯವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಮೊದಲು ಗೆರೆ ಎಳೆದ ಬಗೆಯನ್ನು ನೋಡೋಣ.

1978ರಿಂದ 2004ರವರೆಗೆ ರಾಜ್ಯ ಏಳು ವಿಧಾನಸಭಾ ಚುನಾವಣೆಗಳನ್ನು ಒಂದೇ ನಕ್ಷೆಯ ಮೇಲೆ ನಡೆಸಿತ್ತು. ಆ ನಕ್ಷೆಗೆ ಆಧಾರ 1971ರ ಜನಗಣತಿ. ಕುಟುಂಬ ಯೋಜನೆಯಲ್ಲಿ ಮುಂದಿರುವ ರಾಜ್ಯಗಳಿಗೆ ಅನ್ಯಾಯವಾಗಬಾರದು ಎಂದು ರಾಜ್ಯ ರಾಜ್ಯಗಳ ನಡುವಿನ ಸ್ಥಾನ ಹಂಚಿಕೆಯನ್ನು ಅಲ್ಲಿಗೇ ನಿಲ್ಲಿಸಲಾಗಿತ್ತು. 2001ರ 84ನೇ ತಿದ್ದುಪಡಿ ಈ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಆದರೆ ರಾಜ್ಯದ ಒಳಗೆ ಗೆರೆ ಬದಲಿಸಲು ಅಡ್ಡಿ ಮಾಡಲಿಲ್ಲ. 2003ರ 87ನೇ ತಿದ್ದುಪಡಿ ಅದಕ್ಕೆ 2001ರ ಜನಗಣತಿಯನ್ನು ಆಧಾರ ಮಾಡಿಕೊಟ್ಟಿತು. ಅಂದರೆ ಕರ್ನಾಟಕದ ಒಟ್ಟು ಸ್ಥಾನ 224ರಲ್ಲೇ ಉಳಿಯಬೇಕು, ಅದರ ಒಳಗಿನ ಹಂಚಿಕೆ ಮಾತ್ರ ಬದಲಾಗಬೇಕು. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಲೇಬೇಕು.

ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಮರುವಿಂಗಡಣಾ ಆಯೋಗದ ಕೆಲಸ ಕೇಳುವುದಕ್ಕೆ ಜಟಿಲ, ಮಾಡುವುದಕ್ಕೆ ಭಾಗಾಕಾರ. 2001ರಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ ಜನ. ಕ್ಷೇತ್ರ ಜಿಲ್ಲೆಯ ಗಡಿ ದಾಟಬಾರದು ಎಂಬುದು ನಿಯಮ. ಹಾಗಾಗಿ ಪ್ರತಿ ಜಿಲ್ಲೆಯ ಜನಸಂಖ್ಯೆಯನ್ನು 2.36 ಲಕ್ಷದಿಂದ ಭಾಗಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ಆ ಜಿಲ್ಲೆಯ ಪಾಲು ಸಿಗುತ್ತದೆ. ಬೆಂಗಳೂರು ನಗರ ಜಿಲ್ಲೆಯಲ್ಲಿ 65.37 ಲಕ್ಷ ಜನ, ಭಾಗಿಸಿದರೆ 27.7. ಹಾಗಾಗಿ 28 ಸ್ಥಾನ. ಅದಕ್ಕೆ ಮೊದಲು ಇದ್ದದ್ದು 16. ಒಂದೇ ಏಟಿಗೆ ರಾಜಧಾನಿಗೆ 12 ಶಾಸಕರು ಹೆಚ್ಚಾದರು.

ಆ ಹನ್ನೆರಡು ಎಲ್ಲಿಂದ ಬಂದವು? ಕೊಡಗನ್ನು ನೋಡಿ. ಜನಸಂಖ್ಯೆ 5.48 ಲಕ್ಷ, ಭಾಗಿಸಿದರೆ 2.32. ಮೂರು ಕ್ಷೇತ್ರಗಳಿದ್ದ ಜಿಲ್ಲೆಗೆ ಉಳಿದದ್ದು ಎರಡು. ಸೋಮವಾರಪೇಟೆ ಎಂಬ ಕ್ಷೇತ್ರವೇ ಅಳಿದು, ಮಡಿಕೇರಿ ಮತ್ತು ವಿರಾಜಪೇಟೆ ಮಾತ್ರ ಉಳಿದವು. ಪೂರ್ಣಾಂಕಕ್ಕೆ ಇಳಿಸುವ ಈ ಪದ್ಧತಿಯಲ್ಲಿ ಸಣ್ಣ ಜಿಲ್ಲೆಗೆ ಬೀಳುವ ಪೆಟ್ಟು ದೊಡ್ಡದು. ಕೊಡಗಿನ ಒಬ್ಬ ಶಾಸಕ 2.74 ಲಕ್ಷ ಜನರ ಪ್ರತಿನಿಧಿಯಾದರೆ, ಬೆಂಗಳೂರಿನ ಶಾಸಕ 2.33 ಲಕ್ಷ ಜನರ ಪ್ರತಿನಿಧಿ. ‘ಒಂದು ಮತ, ಒಂದು ಮೌಲ್ಯ’ ಎಂಬ ತತ್ವಕ್ಕಾಗಿ ಎಳೆದ ಗೆರೆಯಲ್ಲೇ, ಎಳೆದ ದಿನವೇ, ಕಾಫಿ ತೋಟದ ಮತಕ್ಕೆ ನಗರದ ಮತಕ್ಕಿಂತ ತೂಕ ಕಡಿಮೆಯಾಗಿತ್ತು. ಬೆಟ್ಟ, ಮಳೆ, ದೂರ ಇವ್ಯಾವುದಕ್ಕೂ ಭಾಗಾಕಾರದಲ್ಲಿ ಹೆಚ್ಚಿನ ಜಾಗವಿಲ್ಲ.

ಉಳಿದೆಡೆಯೂ ಇದೇ ಕಥೆ. ಚಿಕ್ಕಮಗಳೂರಿನಲ್ಲಿ ಬೀರೂರು, ಉಡುಪಿಯಲ್ಲಿ ಬ್ರಹ್ಮಾವರ, ದಕ್ಷಿಣ ಕನ್ನಡದಲ್ಲಿ ವಿಟ್ಲ, ಉತ್ತರ ಕನ್ನಡದಲ್ಲಿ ಅಂಕೋಲಾ, ಹಾಸನದಲ್ಲಿ ಗಂಡಸಿ ಎಂಬ ಹೆಸರುಗಳು ವಿಧಾನಸಭೆಯ ಪಟ್ಟಿಯಿಂದ ಮಾಯವಾದವು. ಮಂಡ್ಯ ಜಿಲ್ಲೆ ಕಿರುಗಾವಲು, ಕೆರಗೋಡು ಎರಡನ್ನೂ ಕಳೆದುಕೊಂಡು ಒಂಬತ್ತರಿಂದ ಏಳಕ್ಕೆ ಇಳಿಯಿತು. ಮಂಡ್ಯದ ಭಾಗಲಬ್ಧ 7.47. ಜನಸಂಖ್ಯೆ ಹತ್ತು ಸಾವಿರದಷ್ಟು ಹೆಚ್ಚಿದ್ದಿದ್ದರೆ ಅದು ಎಂಟರ ಕಡೆಗೆ ವಾಲುತ್ತಿತ್ತು.

ಸ್ಥಾನ ಕಳೆದುಕೊಂಡ ಪಟ್ಟಿಯನ್ನು ಹೀಗೆ ಮುಂದಿಟ್ಟುಕೊಂಡಾಗ ‘ಮರುವಿಂಗಡಣೆಯಿಂದ ಬಿಜೆಪಿ ಗೆದ್ದಿತು’ ಎಂಬ ವಾದ ಸಡಿಲವಾಗತೊಡಗುತ್ತದೆ. ಬೆಂಗಳೂರಿನ 28ರಲ್ಲಿ ಬಿಜೆಪಿ 17 ಗೆದ್ದದ್ದು ನಿಜ. ಹೆಚ್ಚುವರಿ 12 ಸ್ಥಾನಗಳಲ್ಲೂ ಅದೇ ಪ್ರಮಾಣದ ಪಾಲು ಸಿಕ್ಕಿತೆಂದು ಇಟ್ಟುಕೊಂಡರೆ ಲಾಭ ಏಳು ಸ್ಥಾನ. ಆದರೆ ಕಳೆದುಹೋದ ಸ್ಥಾನಗಳು ಯಾರ ನೆಲದ್ದು? ಕೊಡಗಿನ ಎರಡೂ ಸ್ಥಾನಗಳನ್ನು ಆ ಬಾರಿ ಗೆದ್ದದ್ದು ಬಿಜೆಪಿ. ಉಡುಪಿಯ ಐದರಲ್ಲಿ ನಾಲ್ಕನ್ನು ಗೆದ್ದದ್ದೂ ಅದೇ. ಅಂದರೆ ತನ್ನ ಗಟ್ಟಿ ನೆಲದಲ್ಲಿ ಕಳೆದುಕೊಂಡದ್ದನ್ನು ಆ ಪಕ್ಷ ನಗರದಲ್ಲಿ ಪಡೆಯಿತು. ನಿವ್ವಳ ಲಾಭ ಎರಡೋ ಮೂರೋ ಇರಬಹುದು. 79ರಿಂದ 110ಕ್ಕೆ ಏರಿದ್ದನ್ನು ಅದರಿಂದ ವಿವರಿಸಲಾಗದು.

ಇನ್ನೊಂದು ವಾದ ಕಾಂಗ್ರೆಸ್ಸಿನವರದ್ದು. ಮತ ಹೆಚ್ಚು ಬಂದರೂ ಸೋತೆವು, ಇದು ಗೆರೆಯ ದೋಷ ಎಂಬುದು. ಅಂಕಿ ನಿಜ: 2008ರಲ್ಲಿ ಕಾಂಗ್ರೆಸ್ಸಿಗೆ ಶೇ 34.76 ಮತ, 80 ಸ್ಥಾನ. ಬಿಜೆಪಿಗೆ ಶೇ 33.86 ಮತ, 110 ಸ್ಥಾನ. ಆದರೆ ಹಳೆಯ ನಕ್ಷೆಯ ಕೊನೆಯ ಚುನಾವಣೆಯಾದ 2004ರಲ್ಲಿ ಏನಾಗಿತ್ತು? ಕಾಂಗ್ರೆಸ್ಸಿಗೆ ಶೇ 35.27 ಮತ, 65 ಸ್ಥಾನ. ಬಿಜೆಪಿಗೆ ಶೇ 28.33 ಮತ, 79 ಸ್ಥಾನ. ಮತದಲ್ಲಿ ಏಳು ಅಂಶ ಮುಂದಿದ್ದೂ ಕಾಂಗ್ರೆಸ್ 14 ಸ್ಥಾನ ಹಿಂದಿತ್ತು. ಆ ವೈರುಧ್ಯ ಹೊಸ ಗೆರೆ ಹುಟ್ಟುಹಾಕಿದ್ದಲ್ಲ, ಹಳೆಯದರಿಂದಲೇ ಬಂದದ್ದು. ಕಾಂಗ್ರೆಸ್ಸಿನ ಮತ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಕಡೆ ಹರಡಿದೆ. ಬಿಜೆಪಿಯದ್ದು ಕರಾವಳಿ, ಮಲೆನಾಡು, ಮುಂಬೈ ಕರ್ನಾಟಕ, ಬೆಂಗಳೂರುಗಳಲ್ಲಿ ಗುಂಪುಗೂಡಿದೆ. ಹಳೇ ಮೈಸೂರಿನಲ್ಲಿ ಜೆಡಿಎಸ್ ಜೊತೆ ಸೆಣಸಿ ಸೋತ ಕ್ಷೇತ್ರಗಳಲ್ಲೆಲ್ಲ ಕಾಂಗ್ರೆಸ್ಸಿಗೆ ಮತ ಬರುತ್ತದೆ, ಸ್ಥಾನ ಬರುವುದಿಲ್ಲ. ಅಲ್ಲಿ ಬಿಜೆಪಿಗೆ ಮತವೂ ಇಲ್ಲ, ಹಾಗಾಗಿ ವ್ಯರ್ಥವಾಗುವುದೂ ಇಲ್ಲ. ಹೆಚ್ಚು ಮತ ಪಡೆದವರಿಗೆ ಗೆಲುವು ಎಂಬ ನಮ್ಮ ಪದ್ಧತಿಯಲ್ಲಿ, ಮೂರು ಪಕ್ಷಗಳ ಕಣದಲ್ಲಿ, ಯಾವ ಗೆರೆ ಎಳೆದರೂ ಇದು ಪೂರ್ತಿ ಹೋಗುವುದಿಲ್ಲ.

ಬಿಜೆಪಿ ಗೆದ್ದದ್ದು ಐದೂವರೆ ಅಂಶ ಹೆಚ್ಚು ಮತ ಬಂದದ್ದರಿಂದ. ಬಿಜೆಪಿ ಜೊತೆ ಮಾಡಿಕೊಂಡ, ತಲಾ ಇಪ್ಪತ್ತು ತಿಂಗಳ ಅಧಿಕಾರ ಹಂಚಿಕೆಯ ಒಪ್ಪಂದದಂತೆ 2007ರ ಅಕ್ಟೋಬರಿನಲ್ಲಿ ಜೆಡಿಎಸ್ ಅಧಿಕಾರ ಬಿಟ್ಟುಕೊಡಲಿಲ್ಲ. ನವೆಂಬರಿನಲ್ಲಿ ಯಡಿಯೂರಪ್ಪ ಏಳು ದಿನ ಮುಖ್ಯಮಂತ್ರಿಯಾಗಿ ಇಳಿದರು. ‘ವಚನಭ್ರಷ್ಟ’ ಎಂಬ ಮಾತು ಉತ್ತರ ಕರ್ನಾಟಕದ ಊರೂರಿನಲ್ಲಿ ಓಡಾಡಿತು. ಜೆಡಿಎಸ್ 58ರಿಂದ 28ಕ್ಕೆ ಕುಸಿದದ್ದಕ್ಕೂ ಅದೇ ಮುಖ್ಯ ಕಾರಣ, ಜೊತೆಗೆ ಸಿದ್ದರಾಮಯ್ಯ ಪಕ್ಷ ಬಿಟ್ಟದ್ದು. ಮಂಡ್ಯದಲ್ಲಿ ಎರಡು, ಹಾಸನದಲ್ಲಿ ಒಂದು ಕ್ಷೇತ್ರ ಕಡಿಮೆಯಾದದ್ದು ಆ ಕುಸಿತದ ಮುಂದೆ ಸಣ್ಣ ವಿಷಯ.

ಹಾಗಾದರೆ ಗೆರೆ ಬದಲಿಸಿದ್ದು ಏನನ್ನು? ಯಾರು ಗೆಲ್ಲುತ್ತಾರೆ ಎಂಬುದನ್ನಲ್ಲ, ಗೆಲುವನ್ನು ಎಲ್ಲಿ ಹುಡುಕಬೇಕು ಎಂಬುದನ್ನು. ಅದರ ಮೊದಲ ಬಿಸಿ ತಟ್ಟಿದ್ದು ನಾಯಕರಿಗೆ.

ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರವರೆಗೆ ಗುರುಮಿಠಕಲ್‌ನಿಂದ ಎಂಟು ಬಾರಿ ಗೆದ್ದವರು. ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಹೊಸ ನಕ್ಷೆಯಲ್ಲಿ ಗುರುಮಿಠಕಲ್ ಸಾಮಾನ್ಯ ಕ್ಷೇತ್ರವಾಯಿತು. ಖರ್ಗೆ ಮೀಸಲು ಕ್ಷೇತ್ರವಾದ ಚಿತ್ತಾಪುರಕ್ಕೆ ಬಂದು ಒಂಬತ್ತನೇ ಬಾರಿ ಗೆದ್ದರು. ಕಲಬುರಗಿ ಲೋಕಸಭಾ ಕ್ಷೇತ್ರ ಅದೇ ಮರುವಿಂಗಡಣೆಯಲ್ಲಿ ಮೀಸಲಾಯಿತು. 2009ರಲ್ಲಿ ಖರ್ಗೆ ಅಲ್ಲಿಂದ ದೆಹಲಿಗೆ ಹೋದರು. ಅವರ ರಾಷ್ಟ್ರ ರಾಜಕಾರಣದ ದಾರಿ ತೆರೆದದ್ದರಲ್ಲಿ ಒಂದು ಗೆರೆಯ ಪಾಲೂ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅತ್ತ ಚಿತ್ತಾಪುರದಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಮಗ ಪ್ರಿಯಾಂಕ್ ಸೋತರು. ಕ್ಷೇತ್ರ ಹೊಸದು, ತಂದೆಯ ಮೂರು ದಶಕದ ನಂಟು ಗುರುಮಿಠಕಲ್‌ನಲ್ಲಿ ಉಳಿದಿತ್ತು.

ಡಿ.ಕೆ. ಶಿವಕುಮಾರ್ ಅವರ ಸಾತನೂರು ಅಳಿಯಿತು. ಅವರು ಕನಕಪುರಕ್ಕೆ ಬಂದರು. ಇಂದು ಆ ಹೆಸರು ಮತ್ತು ಆ ಊರನ್ನು ಬೇರ್ಪಡಿಸಿ ಯೋಚಿಸುವುದೇ ಕಷ್ಟ, ಆದರೆ 2004ರವರೆಗೆ ಕನಕಪುರವೆಂದರೆ ಪಿ.ಜಿ.ಆರ್. ಸಿಂಧ್ಯಾ. ಕೋಲಾರ ಜಿಲ್ಲೆಯ ವೇಮಗಲ್ ಇಲ್ಲವಾದಾಗ ಕೃಷ್ಣ ಬೈರೇಗೌಡ ಬೆಂಗಳೂರಿನ ಬ್ಯಾಟರಾಯನಪುರಕ್ಕೆ ಬಂದರು. ಬಿನ್ನಿಪೇಟೆ ಹೋಯಿತು, ವಿ. ಸೋಮಣ್ಣ ಗೋವಿಂದರಾಜನಗರಕ್ಕೆ ಹೋದರು. ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿದ್ದ ಉತ್ತರಹಳ್ಳಿ ಒಡೆದು ಹಲವಾಯಿತು. ಅಲ್ಲಿನ ಶಾಸಕ ಆರ್. ಅಶೋಕ ಪದ್ಮನಾಭನಗರವನ್ನು ಆರಿಸಿಕೊಂಡರು.

ಸಿದ್ದರಾಮಯ್ಯನವರದ್ದು ಇನ್ನೂ ಪಾಠವುಳ್ಳ ಪ್ರಕರಣ. 2006ರ ಉಪಚುನಾವಣೆಯಲ್ಲಿ ಚಾಮುಂಡೇಶ್ವರಿಯಲ್ಲಿ ಅವರು ಉಸಿರು ಬಿಗಿಹಿಡಿದು 257 ಮತಗಳಿಂದ ಗೆದ್ದಿದ್ದರು. 2008ರಲ್ಲಿ ವರುಣ ಎಂಬ ಹೊಸ ಕ್ಷೇತ್ರ ಹುಟ್ಟಿತು, ಅವರ ಹುಟ್ಟೂರು ಸಿದ್ದರಾಮನಹುಂಡಿ ಅದರೊಳಗೆ ಬಂತು, ಅವರೂ ಅಲ್ಲಿಗೆ ಹೋದರು. ಹತ್ತು ವರ್ಷಗಳ ನಂತರ ವರುಣವನ್ನು ಮಗನಿಗೆ ಬಿಟ್ಟು ಚಾಮುಂಡೇಶ್ವರಿಗೆ ಮರಳಿದಾಗ ಮುಖ್ಯಮಂತ್ರಿಯಾಗಿದ್ದೂ ಸೋತರು. ಹೆಸರು ಅದೇ ಇತ್ತು, ಕ್ಷೇತ್ರ ಅದೇ ಆಗಿರಲಿಲ್ಲ. ಅವರ ಹಳೆಯ ಮತಗಳಲ್ಲಿ ಒಂದು ದೊಡ್ಡ ಪಾಲು ಗೆರೆಯ ಆಚೆ, ವರುಣದಲ್ಲಿ ಉಳಿದಿತ್ತು. ಚುನಾವಣಾ ವಿಶ್ಲೇಷಣೆಯಲ್ಲಿ ‘ಸಾಂಪ್ರದಾಯಿಕ ಕ್ಷೇತ್ರ’ ಎಂಬ ಪದವನ್ನು ಎಗ್ಗಿಲ್ಲದೆ ಬಳಸುವವರು ಇದನ್ನು ಗಮನಿಸಬೇಕು.

ಹೊಸ ನಕ್ಷೆಯ ಅತ್ಯಂತ ಆಳವಾದ ಬದಲಾವಣೆ ನನ್ನ ದೃಷ್ಟಿಯಲ್ಲಿ ಬೆಂಗಳೂರಲ್ಲ, ಬಳ್ಳಾರಿ. ಪರಿಶಿಷ್ಟ ಪಂಗಡಕ್ಕೆ ಹಳೆಯ ನಕ್ಷೆಯಲ್ಲಿ ಇದ್ದ ಮೀಸಲು ಸ್ಥಾನಗಳು ಎರಡೇ ಎರಡು. ಹೊಸದರಲ್ಲಿ ಹದಿನೈದು. ಇಷ್ಟು ದೊಡ್ಡ ಜಿಗಿತಕ್ಕೆ ಕಾರಣ 1971ರ ನಂತರ ಪಟ್ಟಿಯಲ್ಲಾದ ಬದಲಾವಣೆ. ನಿರ್ದಿಷ್ಟ ಪ್ರದೇಶಗಳಲ್ಲಿ ಇರುವವರನ್ನಷ್ಟೇ ಪಂಗಡವೆಂದು ಎಣಿಸುವ ನಿರ್ಬಂಧ ತೆಗೆದದ್ದು, ಆಮೇಲೆ 1991ರಲ್ಲಿ ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳನ್ನು ನಾಯಕ ಸಮುದಾಯದ ಪರ್ಯಾಯಗಳೆಂದು ಸೇರಿಸಿದ್ದು. 2001ರಲ್ಲಿ ಪಂಗಡದ ಜನಸಂಖ್ಯೆ 34.6 ಲಕ್ಷ, ರಾಜ್ಯದ ಶೇ 6.55. ಅದಕ್ಕೆ ತಕ್ಕ ಸ್ಥಾನ 15. ಪರಿಶಿಷ್ಟ ಜಾತಿಯ ಸ್ಥಾನ 33ರಿಂದ 36ಕ್ಕೆ ಏರಿತು.

ಎಣಿಕೆಯಷ್ಟೇ ಮುಖ್ಯವಾದದ್ದು ಜಾಗ. ಪರಿಶಿಷ್ಟ ಜಾತಿಯ ಕ್ಷೇತ್ರಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಬೇಕು ಎನ್ನುತ್ತದೆ ಕಾನೂನು. ಪಂಗಡದ ಕ್ಷೇತ್ರಗಳಿಗೆ ಆ ಷರತ್ತಿಲ್ಲ, ಅವರ ಪ್ರಮಾಣ ಎಲ್ಲಿ ಅತಿ ಹೆಚ್ಚೋ ಅಲ್ಲಿಯೇ ಕೊಡಬೇಕು. ಹಾಗಾಗಿ ಅವು ಬಹುತೇಕ ಅಕ್ಕಪಕ್ಕದ ಜಿಲ್ಲೆಗಳಲ್ಲೇ ಬಂದು ಬಿದ್ದವು: ಸುರಪುರ, ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ, ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮೀಣ, ಸಂಡೂರು, ಕೂಡ್ಲಿಗಿ, ಕೆಳಗೆ ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು. ಗುಂಪಿನಿಂದ ಹೊರಗೆ ಉಳಿದದ್ದು ಯಮಕನಮರಡಿ ಮತ್ತು ಹೆಗ್ಗಡದೇವನಕೋಟೆ ಮಾತ್ರ. ಅಂದಿನ ಬಳ್ಳಾರಿ ಜಿಲ್ಲೆಯ ಒಂಬತ್ತು ಕ್ಷೇತ್ರಗಳಲ್ಲಿ ಐದು ಪರಿಶಿಷ್ಟ ಪಂಗಡಕ್ಕೆ, ಎರಡು ಪರಿಶಿಷ್ಟ ಜಾತಿಗೆ ಮೀಸಲು. ಸಾಮಾನ್ಯ ಕ್ಷೇತ್ರವಾಗಿ ಉಳಿದದ್ದು ಬಳ್ಳಾರಿ ನಗರ ಮತ್ತು ವಿಜಯನಗರ.

ಇದರ ಪರಿಣಾಮ ತಕ್ಷಣ ಕಂಡಿತು. ಸಂಡೂರಿನ ಶಾಸಕರಾಗಿದ್ದ ಸಂತೋಷ್ ಲಾಡ್ ತಮ್ಮ ಕ್ಷೇತ್ರ ಮೀಸಲಾದದ್ದರಿಂದ ಧಾರವಾಡ ಜಿಲ್ಲೆಯ ಕಲಘಟಗಿಗೆ ವಲಸೆ ಹೋಗಿ ಗೆದ್ದರು. ಸಂಡೂರಿನಲ್ಲಿ ಕಾಂಗ್ರೆಸ್‌ನ ಇ. ತುಕಾರಾಂ ಬಂದರು. ಜಿಲ್ಲೆಯ ಉಳಿದ ಎಂಟನ್ನೂ ಬಿಜೆಪಿ ಬಾಚಿಕೊಂಡಿತು. ಗಣಿ ಹಣ ಎಂದು ಒಂದೇ ಮಾತಿನಲ್ಲಿ ಇದನ್ನು ಮುಗಿಸುವುದು ರೂಢಿ. ಹಣ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ವಾಲ್ಮೀಕಿ ನಾಯಕ ಸಮುದಾಯದ ಮುಖವಾಗಿ ಬಿ. ಶ್ರೀರಾಮುಲು ಬಿಜೆಪಿಯಲ್ಲಿದ್ದರು, ಅವರೇ ಬಳ್ಳಾರಿ ಗ್ರಾಮೀಣದಿಂದ ಗೆದ್ದರು. ಅದುವರೆಗೆ ಬೇರೆಯವರಿಗೆ ಮತ ಹಾಕುತ್ತ ಬಂದಿದ್ದ ಸಮುದಾಯ, ಇನ್ನು ಮುಂದೆ ಅಭ್ಯರ್ಥಿಯೇ ತಮ್ಮವರಾಗಿರುವ ಹದಿನೈದು ಕ್ಷೇತ್ರಗಳನ್ನು ಪಡೆಯಿತು. ಅಂದಿನಿಂದ ಯಾವ ಪಕ್ಷದ ಸರ್ಕಾರ ಬಂದರೂ ಸಂಪುಟದಲ್ಲಿ ಈ ಸಮುದಾಯಕ್ಕೆ ಸಿಗುವ ಜಾಗವನ್ನು ಗಮನಿಸಿದರೆ, 2008ರ ನಕ್ಷೆಯ ಬಾಳಿಕೆ ಬರುವ ಕೊಡುಗೆ ಇದೇ ಎನಿಸುತ್ತದೆ. ಅದರ ಇನ್ನೊಂದು ಮುಖವೂ ಉಂಟು. ಬಳ್ಳಾರಿಯಂಥ ಜಿಲ್ಲೆಯಲ್ಲಿ ಲಿಂಗಾಯತ, ಕುರುಬ, ಮುಸ್ಲಿಂ ಆಕಾಂಕ್ಷಿಗಳಿಗೆ ಎರಡೇ ಬಾಗಿಲು ಉಳಿದವು, ಎರಡರ ಮುಂದೆಯೂ ನೂಕುನುಗ್ಗಲು.

ಇನ್ನು ಮುಂದಿನದು. 2027ರ ಮಾರ್ಚ್ 1 ಜನಗಣತಿಯ ಆಧಾರ ದಿನ. ತಡೆ ಅಲ್ಲಿಗೆ ಮುಗಿಯಬೇಕು. ಒಟ್ಟು ಸ್ಥಾನ 224ರಲ್ಲೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ 2011ರ ಅಂಕಿಗಳೇ ಸುಳಿವು ಕೊಡುತ್ತವೆ. ಆ ವರ್ಷ ರಾಜ್ಯದ ಜನಸಂಖ್ಯೆ 6.11 ಕೋಟಿ, ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ. ಬೆಂಗಳೂರು ನಗರ ಜಿಲ್ಲೆಯ 96.2 ಲಕ್ಷವನ್ನು ಅದರಿಂದ ಭಾಗಿಸಿದರೆ 35. ಉಡುಪಿಗೆ 4.3, ಚಿಕ್ಕಮಗಳೂರಿಗೆ 4.2, ಅಂದರೆ ಎರಡೂ ಜಿಲ್ಲೆ ಐದರಿಂದ ನಾಲ್ಕಕ್ಕೆ. ಕೊಡಗು 2.03ರಲ್ಲಿ ಹೇಗೋ ಎರಡನ್ನು ಉಳಿಸಿಕೊಳ್ಳುತ್ತದೆ. ಪರಿಶಿಷ್ಟ ಪಂಗಡದ ಮೀಸಲು 16, ಪರಿಶಿಷ್ಟ ಜಾತಿಯದ್ದು 38 ಆಗುತ್ತದೆ. ಇದು ಹದಿನೈದು ವರ್ಷ ಹಳೆಯ ಲೆಕ್ಕ. ಆಮೇಲೆ ಮಹದೇವಪುರ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಬೆಳೆದದ್ದನ್ನು ಕಣ್ಣಾರೆ ಕಂಡವರು ಮುಂದಿನ ಸಂಖ್ಯೆ 35ಕ್ಕೆ ನಿಲ್ಲುತ್ತದೆ ಎಂದು ನಂಬಲಾರರು. 2023ರ ಚುನಾವಣೆಯ ಹೊತ್ತಿಗೇ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರದ ಮತದಾರರು ಆರು ಲಕ್ಷ ದಾಟಿದ್ದರು, ಶೃಂಗೇರಿಯಲ್ಲಿ ಒಂದೂ ಮುಕ್ಕಾಲು ಲಕ್ಷವೂ ಇರಲಿಲ್ಲ. ಸಮಾನತೆಯ ತತ್ವ ಬೆಂಗಳೂರಿನ ಪರ ನಿಲ್ಲುತ್ತದೆ. ಆದರೆ ಮತದಾನದ ದಿನ ಮನೆಯಿಂದ ಹೊರಬರದ ನಗರಕ್ಕೆ, ಸರದಿಯಲ್ಲಿ ನಿಲ್ಲುವ ಮಲೆನಾಡಿನ ಸ್ಥಾನವನ್ನು ಕಿತ್ತುಕೊಡುವುದು ಕಷ್ಟದ ನ್ಯಾಯ.

ದಕ್ಷಿಣದ ರಾಜ್ಯಗಳು ಸಂಸತ್ತಿನಲ್ಲಿ ಮಂಡಿಸುವ ವಾದವನ್ನೇ ಉಡುಪಿ ಮತ್ತು ಚಿಕ್ಕಮಗಳೂರು ವಿಧಾನಸೌಧದ ಮುಂದೆ ಮಂಡಿಸಬಹುದು: ನಾವು ಜನಸಂಖ್ಯೆ ನಿಯಂತ್ರಿಸಿದೆವು, ಅದಕ್ಕೆ ಶಿಕ್ಷೆಯೇ? ದೆಹಲಿಯಲ್ಲಿ ಆ ಪ್ರಶ್ನೆ ಕೇಳುವ ಯಾವ ಪಕ್ಷವೂ ಇಲ್ಲಿ ಇದಕ್ಕೆ ಉತ್ತರ ಸಿದ್ಧಮಾಡಿಕೊಂಡಂತೆ ಕಾಣುವುದಿಲ್ಲ. ಒಂದು ವ್ಯತ್ಯಾಸವಿದೆ, ಜಿಲ್ಲೆಗಳು ರಾಜ್ಯಗಳಂತೆ ಒಕ್ಕೂಟದ ಘಟಕಗಳಲ್ಲ, ಅವುಗಳಿಗೆ ಸಂವಿಧಾನದ ಅಂಥ ರಕ್ಷಣೆಯೂ ಇಲ್ಲ. ಹಾಗೆಂದು ಅಲ್ಲಿನ ಜನರ ಅಸಮಾಧಾನ ಕಡಿಮೆಯಾಗುವುದಿಲ್ಲ.

ಕಳೆದ ಬಾರಿ 2002ರಲ್ಲಿ ಮರುವಿಂಗಡಣೆ ಕಾಯ್ದೆ ಬಂದು 2008ರಲ್ಲಿ ನಕ್ಷೆ ಜಾರಿಯಾಗುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಲ್ಲಿ ಮುಗಿಯುತ್ತದೆ. ಜನಗಣತಿಯ ಅಂಕಿ, ಆಯೋಗ, ಕರಡು, ಆಕ್ಷೇಪಣೆ, ಅಂತಿಮ ಆದೇಶ ಎಲ್ಲವೂ ಅಷ್ಟರೊಳಗೆ ಆಗಬೇಕಾದರೆ ಹಿಂದೆಂದೂ ಕಾಣದ ವೇಗ ಬೇಕು. ಆಗದಿದ್ದರೆ ಹಳೆಯ ಗೆರೆಗಳ ಮೇಲೆಯೇ ಇನ್ನೊಂದು ಚುನಾವಣೆ. ಒಮ್ಮೆ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ ಕಾಯ್ದೆಯೇ ತಡೆದಿತ್ತು. ಆಯೋಗದಲ್ಲಿ ಕೂರುವ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರು ಮಾತ್ರ, ಮತ ಹಾಕುವ ಹಕ್ಕು ಅವರಿಗಿರಲಿಲ್ಲ. ಒಂದು ಹೋಬಳಿ ಯಾವ ಕ್ಷೇತ್ರಕ್ಕೆ ಸೇರಬೇಕೆಂದು ಜನ ಹೇಳಬಹುದಾದದ್ದು ಕರಡು ಹೊರಬಂದ ಮೇಲಿನ ಬಹಿರಂಗ ಸಭೆಯಲ್ಲಷ್ಟೇ.

ಈ ಬಾರಿ ಹೊಸದೊಂದು ತೊಡಕೂ ಸೇರಿಕೊಂಡಿದೆ. 2023ರ 106ನೇ ತಿದ್ದುಪಡಿಯ ಮಹಿಳಾ ಮೀಸಲಾತಿಯನ್ನು ಮರುವಿಂಗಡಣೆಗೆ ಗಂಟುಹಾಕಲಾಗಿದೆ. 224 ಸ್ಥಾನಗಳ ಲೆಕ್ಕದಲ್ಲಿ ಸುಮಾರು 75 ಮಹಿಳೆಯರಿಗೆ ಮೀಸಲು, ಮುಂದಿನ ಪ್ರತಿ ಮರುವಿಂಗಡಣೆಯಲ್ಲಿ ಅವು ಬೇರೆ ಕ್ಷೇತ್ರಗಳಿಗೆ ತಿರುಗುತ್ತವೆ. 2008ರಲ್ಲಿ ಕ್ಷೇತ್ರ ಕಳೆದುಕೊಂಡ ಪುರುಷ ನಾಯಕರು ಪಕ್ಕದ ಕ್ಷೇತ್ರಕ್ಕೆ ಸರಿದು ಬಚಾವಾದರು. ಮೂರರಲ್ಲಿ ಒಂದು ಕ್ಷೇತ್ರ ಮಹಿಳೆಗೆ ಹೋದಾಗ ಸರಿಯಲು ಪಕ್ಕದ ಕ್ಷೇತ್ರವೂ ಖಾಲಿ ಇರುವುದಿಲ್ಲ. ಪಕ್ಷಗಳ ಕಚೇರಿಗಳಲ್ಲಿ ಹೆಂಡತಿ, ಮಗಳು, ಸೊಸೆಯ ಹೆಸರುಗಳು ಈಗಲೇ ಓಡಾಡಲು ಶುರುವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ 75 ಸ್ಥಾನಗಳನ್ನು ಮನೆಯವರಿಂದಲೇ ತುಂಬಿಸುವಷ್ಟು ಮನೆತನಗಳು ಈ ರಾಜ್ಯದಲ್ಲಿಯೂ ಇಲ್ಲ. ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಲ್ಲಿ ಮೂರು ದಶಕ ಪಳಗಿದ ಮಹಿಳೆಯರಿಗೆ ವಿಧಾನಸಭೆಯ ಟಿಕೆಟ್ ಕೇಳಲು ಸಿಗುವ ಮೊದಲ ನಿಜವಾದ ಅವಕಾಶ ಅದು.